ಇವತ್ತಿನ ಅಳತೆಯ ಕುರ್ಚಿ

ಕುಣಿಗಲ್ಲಿನ ಆ ಕೋಣೆಯಲ್ಲಿ ನನ್ನ ಮಗಳ ಕಣ್ಣಿಗೆ ಯಾರೂ ಟಾರ್ಚ್ ಬಿಡಲಿಲ್ಲ, ಮಂಡಿಗೆ ಸುತ್ತಿಗೆ ತಟ್ಟಲಿಲ್ಲ. ಟೈಲರುಗಳ ಹತ್ತಿರ ಇರುವಂಥದ್ದೇ ಒಂದು ಟೇಪು ತೆಗೆದು, ಅವಳನ್ನು ಮರದ ಪೆಟ್ಟಿಗೆಯ ಮೇಲೆ ಕೂರಿಸಿ, ಅಳತೆ ತೆಗೆದರು. ಸೊಂಟದ ಹಿಂಭಾಗದಿಂದ ಮಂಡಿಯ ಹಿಂಭಾಗದವರೆಗೆ. ಮಂಡಿಯಿಂದ ಹಿಮ್ಮಡಿಯವರೆಗೆ. ಕೂತ ಜಾಗದಿಂದ ಮೊಣಕೈವರೆಗೆ. ಟೇಪಿನ ತುದಿಯ ಹಿತ್ತಾಳೆ ತಗಡು ತಣ್ಣಗಿತ್ತೆಂದು ಮಗಳು ಕಾಲು ಎಳೆದುಕೊಂಡಾಗ ಥೆರಪಿಸ್ಟ್ ಅದನ್ನು ತಮ್ಮ ಅಂಗೈಯಲ್ಲಿ ಬಿಸಿ ಮಾಡಿಕೊಂಡು ಮತ್ತೆ ಇಟ್ಟರು. ಐದೂವರೆ ವರ್ಷದಲ್ಲಿ ಎಷ್ಟೋ ಡಾಕ್ಟರುಗಳ ಮೆಟ್ಟಿಲು ಹತ್ತಿ ಇಳಿದಿದ್ದೆ. ಮಗುವಿನ ಮೈಗೆ ತಾಗುವ ವಸ್ತುವನ್ನು ಬಿಸಿ ಮಾಡಿದವರು ಇವರೊಬ್ಬರೇ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ಬೆಂಗಳೂರಿನಿಂದ ಹದಿನೈದು ದಿನಕ್ಕೊಂದು ಶನಿವಾರ ಮಕ್ಕಳ ಆಕ್ಯುಪೇಷನಲ್ ಥೆರಪಿಸ್ಟ್ ಒಬ್ಬರು ಕುಣಿಗಲ್ಲಿಗೆ ಬರುತ್ತಾರೆಂದು ಯಾರೋ ಹೇಳಿದ್ದರು. ಮರಳೂರಿನ ನಮ್ಮ ಮನೆಯಿಂದ ತುಮಕೂರು ಬಸ್ ಸ್ಟ್ಯಾಂಡಿಗೆ ಆಟೋ, ಅಲ್ಲಿಂದ ಹೆಬ್ಬೂರಿನ ಮೇಲೆ ಹೋಗುವ ಬಸ್ಸು. ಮಗಳು ನನ್ನ ಸೊಂಟದ ಮೇಲೆ. ಥೆರಪಿಸ್ಟ್ ನನಗಿಂತ ಏಳೆಂಟು ವರ್ಷ ಚಿಕ್ಕವರು. ಆದರೂ ನಾನು ಅವರ ಮುಂದೆ ಎದ್ದು ನಿಂತೇ ಮಾತಾಡುತ್ತಿದ್ದೆ. ಕಾನ್ವೆಂಟಿನಲ್ಲಿ ಹತ್ತು ವರ್ಷ "ಯೆಸ್ ಸಿಸ್ಟರ್" ಎಂದು ಹೇಳಿ ಹೇಳಿ ಪಳಗಿದ ಬೆನ್ನು ಅದು, ದೊಡ್ಡವರ ಮೇಜು ಕಂಡರೆ ತಾನಾಗಿಯೇ ನೆಟ್ಟಗಾಗುತ್ತದೆ.

ಮಗಳು ದಿನ ತುಂಬುವ ಮುಂಚೆ ಹುಟ್ಟಿದವಳು. ಕಾಲುಗಳು ಬಿಗಿ, ಬೆನ್ನು ಸಡಿಲ. ಮಾತು ನಿಧಾನ, ಆದರೆ ತಪ್ಪಿಲ್ಲ. ಅಕ್ಷರಗಳೆಲ್ಲ ಗೊತ್ತು. ಎರಡರ ಮಗ್ಗಿ ಬಾಯಲ್ಲಿ ಹೇಳುತ್ತಾಳೆ. ಕೂರಿಸಿದರೆ ಮಾತ್ರ ಗೋಣಿಚೀಲದ ಹಾಗೆ ಒಂದು ಪಕ್ಕಕ್ಕೆ ವಾಲುತ್ತಿದ್ದಳು. ಬೀಳದೆ ಇರಲು ಎರಡೂ ಕೈಗಳನ್ನು ನೆಲಕ್ಕೆ ಊರಿಕೊಳ್ಳುತ್ತಿದ್ದಳು. ಎರಡು ಕೈಯೂ ಅವಳನ್ನು ಹಿಡಿದುಕೊಳ್ಳುವುದರಲ್ಲೇ ಮುಗಿದುಹೋದರೆ, ಪೆನ್ಸಿಲ್ ಹಿಡಿಯಲು ಮೂರನೆಯದನ್ನು ಎಲ್ಲಿಂದ ತರುವುದು? ನಮ್ಮ ಬಡಾವಣೆಗೆ ಹತ್ತಿರದ ಒಂದು ಖಾಸಗಿ ಶಾಲೆಯಲ್ಲಿ ಅವಳು ಆ ವರ್ಷ ಯುಕೆಜಿ. ಗೋಡೆಗೆ ಒರಗಿಸಿ ಚಾಪೆಯ ಮೇಲೆ ಕೂರಿಸುತ್ತಿದ್ದರು. ಹೆಡ್‌ಮಿಸ್ಟ್ರೆಸ್ ಆಗಲೇ ನನ್ನನ್ನು ಕರೆದು ಹೇಳಿದ್ದರು: "ಜೂನ್ ಹೊತ್ತಿಗೆ ಒಂದು ಪೀರಿಯಡ್ ನೆಟ್ಟಗೆ ಕೂತ್ಕೊಂಡು ತನ್ನ ಹೆಸರು ಬರೆದು ತೋರಿಸ್ಲಿ, ಒಂದನೇ ಕ್ಲಾಸಿಗೆ ತಗೋತೀವಿ. ಇಲ್ಲಾಂದ್ರೆ ಬೇರೆ ಕಡೆ ನೋಡ್ಕೊಳ್ಳಿ."

ನಾನು ಕುಣಿಗಲ್ಲಿಗೆ ಮೊದಲ ಸಲ ಹೋಗಿದ್ದು ಅಕ್ಟೋಬರಿನಲ್ಲಿ. ಜೂನಿಗೆ ಎಂಟು ತಿಂಗಳು.

ಮನೆಗೆ ಬಂದು ಅತ್ತೆಗೆ ಹೇಳಿದಾಗ ಅವರು ಹಣೆಯ ವಿಭೂತಿಯ ಕೆಳಗೆ ಹುಬ್ಬು ಗಂಟಿಕ್ಕಿದರು. "ಆಕ್ಯುಪೇಷನ್ ಅಂದ್ರೆ ಕೆಲಸ ತಾನೇ? ನಾನೂ ರೇಷನ್ ಕಾರ್ಡಿನ ಫಾರಮ್ಮು ತುಂಬಿದೀನಿ ಕಣೇ. ಐದು ವರ್ಷದ ಕೂಸಿಗೆ ಯಾವ ಕೆಲಸ ಕೊಡಿಸ್ತಾಳಂತೆ ಅವ್ಳು?"

ನಾನೂ ಇದೇ ಪ್ರಶ್ನೆಯನ್ನು ಸ್ವಲ್ಪ ಮರ್ಯಾದೆಯಿಂದ ಥೆರಪಿಸ್ಟನ್ನು ಕೇಳಿದ್ದೆ. ಅವರು ನಕ್ಕಿದ್ದರು. "ಮಗೂಗೆ ದಿನಾ ಏನೇನು ಕೆಲಸ ಇದೆ, ನೀವೇ ಹೇಳಿ. ಊಟ ಮಾಡ್ಬೇಕು, ಚಡ್ಡಿ ಏರಿಸ್ಕೋಬೇಕು, ಆಟ ಆಡ್ಬೇಕು, ಬರೀಬೇಕು, ಮಧ್ಯೆ ನಿಮ್ಮ ಹತ್ರ ಬೈಸ್ಕೋಬೇಕು. ಇಷ್ಟನ್ನು ಅವಳೇ ಮಾಡ್ಕೊಳ್ಳೋ ಹಾಗೆ ಮಾಡೋದು ನನ್ನ ಕೆಲಸ. ಕೈಗೆ ವ್ಯಾಯಾಮ ಆಮೇಲೆ. ಮೊದಲು ಸೊಂಟ. ಸೊಂಟ ನಿಂತ್ರೆ ಭುಜ ನಿಲ್ಲುತ್ತೆ, ಭುಜ ನಿಂತ್ರೆ ಕೈ ಬಿಡುವಾಗುತ್ತೆ."

ಸೊಂಟ ನಿಲ್ಲಲು ಅವಳದೇ ಅಳತೆಯ ಕುರ್ಚಿ ಬೇಕು. ಬೆನ್ನು, ಮಂಡಿ, ಪಾದ, ಮೂರೂ ಕಡೆ ಲಂಬಕೋನ ಬರಬೇಕು. ಸೀಟಿನ ಅಂಚಿಗೂ ಮಂಡಿಯ ಮಡಿಕೆಗೂ ಎರಡು ಬೆರಳು ಸಂದು. ಪಾದ ಪೂರ್ತಿ ಊರಲು ಹಲಗೆ. ತೊಡೆಗಳು ಕತ್ತರಿಯಂತೆ ಕೂಡಿಕೊಳ್ಳದ ಹಾಗೆ ನಡುವೆ ಮೆತ್ತನೆಯ ಒಂದು ಗೂಟ. ಮುಂದೆ ಹೊಟ್ಟೆಗೆ ಸರಿಯಾಗಿ ಅರ್ಧಚಂದ್ರ ಕೊರೆದ ಮೇಜು. ಎಲ್ಲವನ್ನೂ ಒಂದು ಹಾಳೆಯಲ್ಲಿ ಚಿತ್ರ ಬರೆದು, ಇಂಚುಗಳನ್ನು ಬರೆದುಕೊಟ್ಟರು.

ಆ ಹಾಳೆಯಲ್ಲಿ ಒಂದೂ ತಪ್ಪಿರಲಿಲ್ಲ. ತಪ್ಪು ಮಾಡಿದವಳು ನಾನು, ಅದೂ ವಾಪಸ್ಸು ಬರುವ ಬಸ್ಸಿನಲ್ಲೇ.

ನಮ್ಮಲ್ಲಿ ಯಾವ ಮಗುವಿಗೂ ಅದರ ಅಳತೆಯ ಬಟ್ಟೆ ಹೊಲಿಸುವುದಿಲ್ಲ. ಯೂನಿಫಾರಂ ಲಂಗಕ್ಕೆ ಒಳಗೆ ನಾಲ್ಕು ಬೆರಳು ಮಡಿಸಿ ಹೊಲಿಸಿ, ವರ್ಷ ವರ್ಷ ಬಿಚ್ಚುತ್ತಾ ಹೋಗುತ್ತೇವೆ. ಚಪ್ಪಲಿ ಒಂದು ಸೈಜು ದೊಡ್ಡದು. ಸ್ವೆಟರಿನ ತೋಳು ಬೆರಳು ಮುಚ್ಚುವಷ್ಟು. ನನ್ನ ಕಾನ್ವೆಂಟಿನ ಫೋಟೋದಲ್ಲಿ ನಾನೇ ಯಾರದೋ ಬಟ್ಟೆಯೊಳಗಿಂದ ಇಣುಕುತ್ತಿರುವ ಹಾಗಿದೆ. ಹಾಗಾಗಿ ಹಾಳೆಯಲ್ಲಿದ್ದ ಪ್ರತಿ ಸಂಖ್ಯೆಯ ಪಕ್ಕಕ್ಕೂ ನಾನು ಎರಡು ಇಂಚು ಕೂಡಿಸಿ ಬರೆದೆ. ಅಂಕಿ ದುಂಡಗೆ ಬರಲೆಂದು ಬಸ್ಸು ಹಂಪು ದಾಟುವವರೆಗೆ ಕಾದು ಬರೆದೆ.

ನನ್ನ ಗಂಡ ಕೆಲಸ ಮಾಡುತ್ತಿದ್ದುದು ಗುಬ್ಬಿಯಲ್ಲಿ. ಅಲ್ಲಿ ಸ್ಕೂಲುಗಳಿಗೆ ಬೆಂಚು, ಡೆಸ್ಕು ಮಾಡಿಕೊಡುವ ಸಾಹೇಬರೊಬ್ಬರ ಬಡಗಿ ಅಂಗಡಿ ಇತ್ತು. ಬಿಳಿ ಗಡ್ಡ, ಕಿವಿಯ ಮೇಲೆ ಕೆಂಪು ಪೆನ್ಸಿಲು. ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು.

"ಬೆಳೆಯೋ ಮಗು ಸಾಬ್ರೇ, ಅದಕ್ಕೇ ಎರಡೆರಡು ಇಂಚು ಜಾಸ್ತಿ ಬರೆದಿದೀನಿ" ಎಂದೆ.

"ನಾನೂ ಅದೇ ಹೇಳೋಣ ಅಂತಿದ್ದೆ ಅಮ್ಮಾ. ಹಲಸಿನ ಮರ, ಹತ್ತು ವರ್ಷ ಆದ್ರೂ ಅಲ್ಲಾಡಲ್ಲ. ಸಣ್ಣದು ಮಾಡಿ ಯಾಕೆ ದಂಡ ಮಾಡೋದು?"

ಇಬ್ಬರಿಗೂ ನಮ್ಮ ಜಾಣತನದ ಬಗ್ಗೆ ಬಹಳ ಸಂತೋಷವಾಯಿತು.

ಕುರ್ಚಿ ಬಂದಾಗ ನೋಡಲು ಎರಡು ಕಣ್ಣು ಸಾಲದು. ಹೊಳೆಯುವ ಪಾಲಿಶು, ಬೆನ್ನಿನ ಹಲಗೆಯಲ್ಲಿ ಒಂದು ಗಿಳಿ ಕೆತ್ತಿದ್ದರು. ಅತ್ತೆ ಸುತ್ತು ಬಂದು ನೋಡಿ, "ಕುರ್ಚಿಗೆ ಇಷ್ಟು ಆಸೆ ಎಂಎಲ್ಲೆಗಳಿಗೂ ಇರಲ್ಲ ಬುಡು" ಎಂದರು. ಮಗಳನ್ನು ಕೂರಿಸಿದೆವು. ಪಾದಗಳು ಹಲಗೆ ಮುಟ್ಟಲಿಲ್ಲ. ಸೀಟು ಉದ್ದವಾಗಿದ್ದರಿಂದ ಮಂಡಿ ಮಡಿಸಲು ಮುಂದಕ್ಕೆ ಜಾರಿದಳು. ಜಾರಿದ ಕೂಡಲೇ ಬೆನ್ನು ಬಾಗಿ ಗಲ್ಲ ಎದೆಗೆ ಬಂತು. ಕೈಗಳು ಮತ್ತೆ ಎರಡೂ ಪಕ್ಕದ ಹಲಗೆ ಹಿಡಿದುಕೊಂಡವು.

ರೂಢಿಯಾಗಬೇಕು ಎಂದುಕೊಂಡೆ. ಬೆನ್ನಿಗೆ ದಿಂಬು ಕೊಟ್ಟೆ. ಪಾದದ ಕೆಳಗೆ ಹಳೆಯ ವಾರಪತ್ರಿಕೆಗಳ ಕಟ್ಟು ಇಟ್ಟೆ, ಅದು ಸರಿದು ಸರಿದು ಹೋಗುತ್ತಿತ್ತು. ಒಂದು ದಿನ ಹಳೆಯ ವಾಯಿಲ್ ಸೀರೆ ಹರಿದು ಎದೆಗೆ ಕಟ್ಟಿ ಕೂರಿಸಿದೆ. ಅವಳು ಅಳಲಿಲ್ಲ. "ಅಮ್ಮಾ, ನಾನು ಒಳ್ಳೆಯವ್ಳಾಗಿ ಕೂತ್ಕೋತೀನಿ, ಬಿಚ್ಚು" ಎಂದಳು. ಆ ಮಾತು ಕೇಳಿಯೂ ನಾನು ಹತ್ತು ನಿಮಿಷ ಬಿಚ್ಚಲಿಲ್ಲ. ಇದನ್ನು ಬರೆಯದೆ ಮುಂದೆ ಹೋದರೆ ಈ ಕಥನಕ್ಕೆ ಅರ್ಥವಿಲ್ಲ. ನಡುವೆ ದೀಪಾವಳಿಯೆಂದು ಥೆರಪಿಸ್ಟ್ ಒಂದು ಶನಿವಾರ ಬರಲಿಲ್ಲ. ಒಂದು ತಿಂಗಳು ಹೀಗೆ ಹೋಯಿತು. ಮಂಡಿಯ ಹಿಂದೆ ಸೀಟಿನ ಅಂಚು ಒತ್ತಿ ಕೆಂಪು ಗೆರೆ ಬಿದ್ದಿತ್ತು.

ಮುಂದಿನ ಶನಿವಾರ ಕುರ್ಚಿಯನ್ನೂ ಬಸ್ಸಿಗೆ ಹಾಕಿಕೊಂಡು ಹೋದೆ. ಕಂಡಕ್ಟರ್ ಹಣೆ ಚಚ್ಚಿಕೊಂಡ. "ಏನಕ್ಕಾ, ಬಸ್ಸಲ್ಲಿ ಸೀಟಿಲ್ಲ ಅಂತ ಮನೆಯಿಂದ್ಲೇ ತಂದ್ಬಿಟ್ರಾ?" ಜನ ನಕ್ಕರು. ನಾನೂ ನಕ್ಕೆ.

ಥೆರಪಿಸ್ಟ್ ನಗಲಿಲ್ಲ. ಕುರ್ಚಿಯನ್ನು ಟೇಪಿನಿಂದ ಅಳೆದರು, ಹಾಳೆ ನೋಡಿದರು, ನಾನು ದುಂಡಗೆ ಬರೆದ ಅಂಕಿಗಳನ್ನೂ ನೋಡಿದರು.

"ಮೇಡಮ್, ಇದು ಯಾರ ಕುರ್ಚಿ?"

"ನಮ್ಮ ಪುಟ್ಟೀದು."

"ಅಲ್ಲ. ಏಳು ವರ್ಷದ ಇನ್ಯಾವುದೋ ಮಗೂದು. ಆ ಮಗು ಇನ್ನೂ ಬಂದಿಲ್ಲ. ಬಂದಿರೋ ಮಗೂನ ನೀವು ನೆಲದ ಮೇಲೆ ಬಿಟ್ಟಿದೀರಿ."

ಕೋಣೆಯಲ್ಲಿ ಬೇರೆ ತಾಯಂದಿರೂ ಇದ್ದರು. "ಬೆಳೀತಾಳಲ್ಲಾ ಅಂತ…" ಎಂದೆ.

"ಬೆಳೀಲಿ, ಆಗ ಇನ್ನೊಂದು ಮಾಡ್ಸಿ. ಲಂಗ ದೊಡ್ಡದಾದ್ರೆ ಪಿನ್ನು ಹಾಕ್ಬಹುದು. ಕುರ್ಚಿ ದೊಡ್ಡದಾದ್ರೆ ಮಗು ಕಲಿಯೋದು ಒಂದೇ, ಜಾರೋದು."

ಬರುವಾಗ ಬಸ್ಸಿನಲ್ಲಿ ನನಗೆ ಸಿಟ್ಟು ಬಂತು. ಮೊದಲು ಅವರ ಮೇಲೆ, ಹೆಬ್ಬೂರು ಬರುವಷ್ಟರಲ್ಲಿ ನನ್ನ ಮೇಲೆ, ಆಮೇಲೆ ಎಲ್ಲರ ಮೇಲೆ. "ದೊಡ್ಡವಳಾದ್ಮೇಲೆ ಸರಿಹೋಗ್ತಾಳೆ ಬಿಡಿ" ಎಂದು ಹುಟ್ಟಿದಂದಿನಿಂದ ಎಷ್ಟು ಜನ ಹೇಳಿದ್ದರು! ನೆಂಟರು, ಡಾಕ್ಟರು, ಹಾಲಿನವನು. ಸಮಾಧಾನವೆಂದುಕೊಂಡು ಕೇಳುತ್ತಿದ್ದೆ. ಅವರೆಲ್ಲರೂ ಮುಂದೆಂದೋ ಬರಲಿರುವ ಮಗುವಿನ ಬಗ್ಗೆ ಮಾತಾಡುತ್ತಿದ್ದರು. ತೊಡೆಯ ಮೇಲೆ ನಿದ್ದೆ ಹೋಗಿದ್ದ ಇವಳನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ, ನಾನೂ ಸೇರಿ.

ಸೋಮವಾರ ಮಗಳನ್ನೂ ಕುರ್ಚಿಯನ್ನೂ ಗುಬ್ಬಿಗೆ ಒಯ್ದೆ. ಕತ್ತರಿಸಿ ಎಂದಾಗ ಸಾಹೇಬರು ಎರಡು ಹೆಜ್ಜೆ ಹಿಂದೆ ಸರಿದರು.

"ಚೆನ್ನಾಗಿರೋದನ್ನ ಕುಯ್ಯೋಕೆ ಕೈ ಬರಲ್ಲಮ್ಮಾ. ಇನ್ನೊಂದು ವರ್ಷ ತಡ್ಕೊಳ್ಳಿ, ಮಗು ಕುರ್ಚಿಗೆ ಬರ್ತದೆ."

"ಮಗು ಕುರ್ಚಿಗೆ ಬರೋದು ಬೇಡ ಸಾಬ್ರೇ. ಕುರ್ಚಿ ಮಗೂಗೆ ಬರ್ಲಿ."

ಅವರು ಗಡ್ಡ ಸವರಿಕೊಂಡರು. ಆಮೇಲೆ ಮಗಳನ್ನು ತೋಪಡದಿಂದ ಮರ ಹೆರೆಯುವ ಮೇಜಿನ ಅಂಚಿಗೆ ಕೂರಿಸಿ, ಬೆನ್ನಿಗೆ ಒಂದು ಹಲಗೆ ಕೊಟ್ಟು, ನನ್ನ ಕೈಯಲ್ಲಿ ಹಿಡಿಸಿದರು. ಬೆಂಚು ಮಾಡಿ ಉಳಿದ ಮರದ ಚೂರುಗಳನ್ನು ಒಂದರ ಮೇಲೊಂದು ಪಾದದ ಕೆಳಗೆ ಇಡುತ್ತಾ ಹೋದರು. ಒಂದು ಚೂರು, ಇನ್ನೊಂದು, ಕಡೆಗೆ ಬೀಡಿಂಗ್ ಪಟ್ಟಿಯಷ್ಟು ತೆಳ್ಳನೆಯದು. ಹಿಮ್ಮಡಿ ಪೂರ್ತಿ ಊರಿತು. ಬೆನ್ನಿನ ಹಲಗೆಯನ್ನು ಒಂದು ಬೆರಳಷ್ಟು ಮುಂದಕ್ಕೆ ತಳ್ಳಿದರು. ಮಗಳ ಬೆನ್ನು, ಮಳೆ ಹುಯ್ದ ಮೇಲೆ ಏಳುವ ಗಿಡದ ಹಾಗೆ, ತಾನಾಗಿಯೇ ಮೇಲೆದ್ದಿತು. ಅವಳು ಮೇಜಿನ ಅಂಚಿನಿಂದ ಬಲಗೈ ಬಿಟ್ಟಳು. ಆಮೇಲೆ ಎಡಗೈಯನ್ನೂ. ಪಕ್ಕದಲ್ಲಿ ಬಿದ್ದಿದ್ದ ಮರದ ಸುರುಳಿ ಹೊಟ್ಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಮೂಸಿ ನೋಡಿದಳು.

"ಕೈ ಬಿಟ್ಲು!" ಎಂದರು ಸಾಹೇಬರು. ನನಗಿಂತ ಮೊದಲು ಕಂಡದ್ದು ಅವರಿಗೆ. ಕಿವಿಯ ಮೇಲಿನ ಪೆನ್ಸಿಲು ತೆಗೆದು ಚೂರುಗಳ ಎತ್ತರಕ್ಕೆ ಗೆರೆ ಹಾಕುತ್ತಾ ತಮಗೆ ತಾವೇ ಹೇಳಿಕೊಂಡರು: "ಮೂವತ್ತು ವರ್ಷದಿಂದ ಸ್ಕೂಲ್ ಬೆಂಚು ಮಾಡ್ತಿದೀನಿ. ಕೂರೋ ಮಗೂನ ಯಾರೂ ನಂಗೆ ತೋರಿಸೇ ಇರ್ಲಿಲ್ವಲ್ಲಾ."

ಸೀಟು ಕುಯ್ದರು. ಪಾದದ ಹಲಗೆ ಏರಿಸಿ, ಗೂಟಕ್ಕೆ ರೆಕ್ಸಿನ್ ಸುತ್ತಿದರು. ಬೆನ್ನಿನ ಹಲಗೆ ತಗ್ಗಿಸುವಾಗ ಗಿಳಿಯ ತಲೆ ಹೋಯಿತು.

ಡಿಸೆಂಬರಿನಿಂದ ನಿಜವಾದ ಕೆಲಸ ಶುರುವಾಯಿತು. ಮೊದಲು ಇಪ್ಪತ್ತು ನಿಮಿಷ ಕೂರುವುದು, ಆಮೇಲೆ ಮೂವತ್ತು. ಗೋಡೆ ಗಡಿಯಾರದ ಕೆಳಗೇ ಕುರ್ಚಿ. ಅವಳೇ ತಿನ್ನಲಿ, ನಾವು ತಿನ್ನಿಸುವುದನ್ನು ನಿಲ್ಲಿಸಬೇಕೆಂದು ಥೆರಪಿಸ್ಟ್ ಹೇಳಿದ್ದರು. ಅತ್ತೆಯ ಜೊತೆ ದೊಡ್ಡ ಜಗಳವಾದದ್ದು ಅದಕ್ಕೇ. ಮೊಸರನ್ನ ಅರ್ಧ ಬಾಯಿಗೆ, ಅರ್ಧ ಕತ್ತಿಗೆ. "ಕೂಸನ್ನ ಉಪವಾಸ ಕೆಡವ್ತಾಳೆ, ಓದಿದೋಳಂತೆ!" ಎಂದು ಅತ್ತೆ ಪಕ್ಕದ ಮನೆಗೆ ಕೇಳುವ ಹಾಗೆ ಹೇಳಿ, ಕಣ್ಣೊರೆಸಿಕೊಂಡು ಒಳಗೆ ಹೋದರು. ಅಂಚು ಎತ್ತರವಿರುವ ತಟ್ಟೆ ತಂದೆ, ತಳಕ್ಕೆ ಒದ್ದೆ ಬಟ್ಟೆ ಹಾಸಿದೆ, ಜಾರದ ಹಾಗೆ. ಚಮಚದ ಹಿಡಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿ ದಪ್ಪ ಮಾಡಿದೆ. ನೆಲ ದಿನಕ್ಕೆ ಮೂರು ಸಲ ಒರೆಸಿದೆ. ತಿನ್ನಿಸಲಿಲ್ಲ.

ಅವರೆಕಾಯಿ ಕಾಲ ಬಂದಾಗ ಅತ್ತೆಯೇ ಬಲೆಗೆ ಬಿದ್ದರು. ನೆನೆಸಿದ ಅವರೆಕಾಳನ್ನು ಹಿತುಕಿ ಬೇಳೆ ಬಿಡಿಸಲು ಹೆಬ್ಬೆರಳು ಮತ್ತು ತೋರುಬೆರಳು ಎರಡೂ ಒಟ್ಟಿಗೆ, ಹದವಾಗಿ ಒತ್ತಬೇಕು. ಪೆನ್ಸಿಲಿಗೆ ಬೇಕಾದ ಹಿಡಿತವೂ ಅದೇ. ಅತ್ತೆ ಮೊರದ ತುಂಬ ಕಾಳು ಹರಡಿಕೊಂಡು ಕೂತಾಗ, ನಾನು ಕುರ್ಚಿಯನ್ನು ಅವರ ಎದುರಿಗೆ ಎಳೆದು, ಅರ್ಧಚಂದ್ರದ ಮೇಜಿನ ಮೇಲೆ ಒಂದು ಬೊಗಸೆ ಸುರಿದು ಅಡುಗೆಮನೆಗೆ ಹೋಗಿಬಿಟ್ಟೆ. ಮೊದಮೊದಲು ಕಾಳು ಜಾರಿ ಓಡುತ್ತಿತ್ತು. ಮೂರನೆಯ ದಿನ ಒಂದು ಬೇಳೆ ಸಿಡಿದು ನೇರ ಅತ್ತೆಯ ವಿಭೂತಿಗೆ ಅಂಟಿತು. ಮಗಳು ಕಿಲಕಿಲ ನಕ್ಕಳು.

"ಏನ್ಲೇ, ಅಜ್ಜಿಗೇ ಗುಂಡು ಹೊಡೀತೀಯಾ? ಎಲ್ಲಿ, ಇನ್ನೊಂದು ಹೊಡಿ ನೋಡಾನ!"

ಆಮೇಲೆ ನನ್ನನ್ನು ಯಾರೂ ಕರೆಯಲಿಲ್ಲ. ಸಂಕ್ರಾಂತಿ ಕಳೆಯುವಷ್ಟರಲ್ಲಿ ಅಜ್ಜಿ ಒಂದು ಬಟ್ಟಲು ಮುಗಿಸುವಾಗ ಮೊಮ್ಮಗಳು ಹತ್ತು ಹನ್ನೆರಡು ಕಾಳು ಬಿಡಿಸುತ್ತಿದ್ದಳು. "ಕೆಲಸ ಕೊಡಿಸಿದ್ಲು ಕಣೇ ನಿನ್ನ ಮೇಡಮ್ಮು" ಎಂದರು ಅತ್ತೆ, ನನ್ನ ಮುಖ ನೋಡದೆ.

ಅಲ್ಲಿಂದ ಬಳಪಕ್ಕೆ. ಉದ್ದ ಬಳಪ ಕೊಟ್ಟರೆ ಮುಷ್ಟಿಯಲ್ಲಿ ಹಿಡಿಯುತ್ತಾಳೆ. ಅದಕ್ಕೆ ಬೇಕೆಂದೇ ಮುರಿದು, ಕಡಲೆಬೀಜದಷ್ಟು ಚೂರು ಕೊಡುವುದು. ಸ್ಲೇಟನ್ನು ಇಳಿಜಾರಾಗಿ ನಿಲ್ಲಿಸುವುದು. ಗೀಟು, ಸೊನ್ನೆ, ಆಮೇಲೆ ಅಕ್ಷರ. ಏಪ್ರಿಲ್ ಕೊನೆಗೆ ಅವಳ ಹೆಸರಿನ ಮೂರು ಅಕ್ಷರಗಳು, ಒಂದು ಆಕಾಶದಲ್ಲಿ, ಒಂದು ಪಾತಾಳದಲ್ಲಿ, ಆದರೆ ಮೂರೂ ಇದ್ದವು.

ಮೇ ಕೊನೆಯಲ್ಲಿ ಕುರ್ಚಿಯ ಸಮೇತ ಶಾಲೆಗೆ ಹೋದೆವು. ಗಂಡನೂ ರಜೆ ಹಾಕಿ ಬಂದಿದ್ದರು. ಮಗಳು ಇಡೀ ಒಂದು ಪೀರಿಯಡ್, ನಲವತ್ತು ನಿಮಿಷ, ಕೂತಳು. ಹೆಸರು ಬರೆದಳು. ಹೆಡ್‌ಮಿಸ್ಟ್ರೆಸ್ ಗಾಜಿನ ಪೇಪರ್‌ವೇಯ್ಟನ್ನು ಸುತ್ತಿಸುತ್ತಾ ನೋಡಿದರು.

"ವೆರಿ ಗುಡ್. ನಿಜವಾಗ್ಲೂ ಖುಷಿಯಾಯ್ತು. ಆದ್ರೆ ಇನ್ನೊಂದು ವರ್ಷ ಯುಕೆಜೀಲೇ ಇರ್ಲಿ, ಬಲ ಬರ್ಲಿ. ಇಲ್ಲಾ ಒಂದನೇ ಕ್ಲಾಸಲ್ಲೇ ಸುಮ್ನೆ ಬಂದು ಕೂತಿರ್ಲಿ, ನಮ್ಮದೇನೂ ಅಭ್ಯಂತರ ಇಲ್ಲ. ಅಟೆಂಡೆನ್ಸ್‌ನಲ್ಲಿ ಹೆಸರು ಮಾತ್ರ ಬೇಡ. ಇನ್‌ಸ್ಪೆಕ್ಷನ್ನು ಅದೂ ಇದೂ ಇರುತ್ತೆ. ಕುರ್ಚಿ ಹಿಂದುಗಡೆ ಹಾಕ್ಸೋಣ."

ನನ್ನ ಗಂಡ ಹೊರಗೆ ಬಂದವರೇ ಉಸಿರು ಬಿಟ್ಟರು. "ಒಳಗೆ ಬಿಟ್ಕೊಂಡ್ರಲ್ಲಾ, ಅಷ್ಟೇ ಸಾಕು ಬಿಡು. ನಿಧಾನಕ್ಕೆ ಹೆಸರೂ ಸೇರುತ್ತೆ."

"ಇಲ್ಲಾ ರೀ" ಎಂದೆ. ಮದುವೆಯಾಗಿ ಒಂಬತ್ತು ವರ್ಷದಲ್ಲಿ ಆ ಎರಡು ಮಾತನ್ನು ಹೀಗೆ ಹೇಳಿದ್ದು ಅದೇ ಮೊದಲು. "ಅವರು ಕೇಳಿದ್ದನ್ನ ಅವಳು ಮಾಡಿದ್ಲು. ಈಗ ಅವರು ಮಾಡ್ಬೇಕು."

ಮರುದಿನ ಗಂಡ ಗುಬ್ಬಿಗೆ ಕೆಲಸಕ್ಕೆ ಹೋದರು. ನಾನು ಆಟೋದಲ್ಲಿ ಕುರ್ಚಿ ಹಾಕಿಕೊಂಡು ಶಾಲೆಗೆ ಹೋದೆ. ಆಫೀಸಿನ ಮುಂದಿನ ವರಾಂಡದಲ್ಲಿ, ಅಡ್ಮಿಷನ್ನಿಗೆ ಬರುವವರೆಲ್ಲ ಸಾಲು ನಿಲ್ಲುವ ಜಾಗದಲ್ಲಿ, ಕುರ್ಚಿ ಇಟ್ಟು ಮಗಳನ್ನು ಕೂರಿಸಿದೆ. ಸ್ಲೇಟು ಕೊಟ್ಟೆ. ಪಕ್ಕದಲ್ಲಿ ನಾನು ಕೂತು ನೀರಿನ ಬಾಟಲಿಗೆ ಕ್ರೋಶಾದಲ್ಲಿ ಚೀಲ ಹೆಣೆಯತೊಡಗಿದೆ. ಜನ ಕೇಳಿದರು, ಹೇಳಿದೆ. ದನಿ ಏರಿಸಲಿಲ್ಲ, ಏನನ್ನೂ ಮುಚ್ಚಿಡಲೂ ಇಲ್ಲ. "ಇವಳು ಪರೀಕ್ಷೆ ಪಾಸಾಗಿದಾಳೆ. ಹೆಸರು ಬರ್ಕೊಳ್ಳಲಿ ಅಂತ ಕಾಯ್ತಿದೀವಿ." ಮಧ್ಯಾಹ್ನ ಅಲ್ಲೇ ಊಟ, ಅವಳ ಕೈಯಿಂದಲೇ. ಚೆಲ್ಲಿದ ಅನ್ನವನ್ನು ನಾನು ಬಾಚಿ ಒರೆಸಿದೆ. ಗುಮಾಸ್ತರು ಎರಡು ಸಲ ಬಂದು, "ಮೇಡಮ್ ಬೇಜಾರು ಮಾಡ್ಕೊಂಡಿದಾರೆ, ಮನೆಗೆ ಹೋಗಿ ಅಮ್ಮಾ" ಎಂದರು. "ಹೋಗ್ತೀವಿ, ಹೆಸರು ಬರ್ಕೊಂಡ್ಬಿಡಿ" ಎಂದೆ. ಎರಡನೆಯ ದಿನವೂ ಹಾಗೆಯೇ.

ಮೂರನೆಯ ದಿನ ಒಳಗೆ ಕರೆದರು. ಈ ಸಲ ಅವರು ಕೂರಲು ಹೇಳುವ ಮೊದಲೇ ನಾನು ಕೂತೆ.

"ನೀವು ಕಾನ್ವೆಂಟಲ್ಲಿ ಓದಿದೋರಲ್ವಾ? ಅಲ್ಲಿ ಇದನ್ನೇ ಕಲಿಸಿದ್ರಾ?"

"ಹೌದು ಮೇಡಮ್. ನೆಟ್ಟಗೆ ಕೂತ್ಕೊಳ್ಳೋದನ್ನ ಅಲ್ಲೇ ಕಲಿಸಿದ್ದು."

ಪೇಪರ್‌ವೇಯ್ಟ್ ಸುತ್ತುವುದು ನಿಂತಿತು. "ಬೇರೆ ಪೇರೆಂಟ್ಸ್ ಕೇಳ್ತಾರೆ" ಎಂದರು, ಸ್ವಲ್ಪ ತಗ್ಗಿದ ದನಿಯಲ್ಲಿ.

"ಮೂರು ದಿನದಿಂದ ಕೇಳ್ತಾನೇ ಇದಾರೆ. ಯಾರೂ ಮಕ್ಕಳನ್ನ ವಾಪಸ್ ಕರ್ಕೊಂಡು ಹೋಗ್ಲಿಲ್ಲ."

ಗುಮಾಸ್ತರು ಅಡ್ಮಿಷನ್ ಪುಸ್ತಕ ತಂದು, ಪೆನ್ಸಿಲಿನಲ್ಲಿ ಬರೆಯಲು ಹೊರಟರು. "ಪೆನ್ನಲ್ಲಿ ಬರೀರಿ" ಎಂದೆ. ಅವರು ಹೆಡ್‌ಮಿಸ್ಟ್ರೆಸ್ ಕಡೆ ನೋಡಿದರು. ಹೆಡ್‌ಮಿಸ್ಟ್ರೆಸ್ ತಮ್ಮ ಪೆನ್ನನ್ನೇ ಅವರ ಕಡೆ ತಳ್ಳಿದರು.

ಜೂನ್ ಮೊದಲ ಸೋಮವಾರ. ಒಂದನೇ ಕ್ಲಾಸಿನಲ್ಲಿ ಕುರ್ಚಿಯನ್ನು ಮೊದಲ ಸಾಲಿನ ಪಕ್ಕಕ್ಕೆ ಇಡಿಸಿ, ಸೊಂಟದ ಬೆಲ್ಟು ಹಾಕಿ, ನಾನು ಹೊರಗೆ ಬಂದೆ. ಮನೆಗೆ ಹೋಗಬೇಕಿತ್ತು, ಕಿಟಕಿಯ ಪಕ್ಕದ ಗೋಡೆಗೆ ಅಂಟಿಕೊಂಡು ನಿಂತೆ. ಕ್ಲಾಸ್ ಟೀಚರ್ ಹೊಸಬರು, ಹಾಜರಿ ಬೇಗ ಬೇಗ ಕೂಗುತ್ತಿದ್ದರು. ಮಗಳ ಹೆಸರು ಬಂತು. ಅವಳ ಬಾಯಿಗೆ ಮಾತು ಬರಲು ಸಮಯ ಬೇಕು, ಮೊದಲು ಉಸಿರು ತುಂಬಿಕೊಳ್ಳಬೇಕು. ಅಷ್ಟರಲ್ಲಿ ಟೀಚರ್ ಇನ್ನೊಂದು ಹೆಸರು, ಮತ್ತೊಂದು ಹೆಸರು ದಾಟಿದ್ದರು. ನನ್ನ ಕಾಲು ಬಾಗಿಲ ಕಡೆಗೆ ಎದ್ದಿತು. ತಡೆದೆ.

"ಮಿಸ್" ಎಂದಳು ಮಗಳು. ಮತ್ತೆ ಉಸಿರು. "ಮಿಸ್, ನಾನು ಬಂದಿದೀನಿ."

ಒಳಗೆ ಹಾಳೆ ತಿರುವಿದ ಸದ್ದು ಕೇಳಿಸಿತು. "ಎಲ್ಲಿ, ಯಾವ ನಂಬರ್ ನಿಂದು?" ಎಂದು ಟೀಚರ್ ಕೇಳಿದರು. ಅವಳು ಹೇಳುವವರೆಗೆ ಇಡೀ ಕ್ಲಾಸು ಕಾಯಿತು.